ಪಾಲಿಶ್‌ಗೆ ಕೂಲಿ ಸರಿ, ಕಲ್ಲಿಗೆ ಮತ್ತೆ ಬೆಲೆ ಯಾಕೆ?

ಗೇಮ್ ಅಂಗಡಿ ಇಟ್ಟವನ ರೊಕ್ಕದ ಲೆಕ್ಕ ತಾಸಿನಲ್ಲಿ ನಡೆಯುತ್ತದೆ. ಸೇಡಂನ ನನ್ನ ಅಂಗಡಿಯಲ್ಲಿ ತಾಸಿಗೆ 40 ರೂಪಾಯಿ. 4,999 ರೂಪಾಯಿಯ ಒಂದು ಡಿಸ್ಕ್ ತಂದರೆ ಅದರ ಅಸಲು ಬರುವುದಕ್ಕೇ ಹುಡುಗರು 125 ತಾಸು ಅದನ್ನು ಆಡಬೇಕು. ಬಾಡಿಗೆ, ಕರೆಂಟ್ ಬಿಲ್ಲು, ಇನ್ವರ್ಟರ್ ಬ್ಯಾಟರಿ, ಸವೆದುಹೋಗುವ ಕಂಟ್ರೋಲರ್ ಎಲ್ಲ ಆಮೇಲಿನ ಮಾತು. ಹೀಗಿರುವಾಗ ಹತ್ತು ವರ್ಷದ ಹಿಂದೆ ಬಂದುಹೋದ ಗೇಮನ್ನೇ ಚಿತ್ರ ತಿದ್ದಿ, ಬೆಳಕು ತಿದ್ದಿ, ಹೊಸ ಗೇಮಿನ ಬೆಲೆಗೆ ಮತ್ತೆ ಮಾರಾಟಕ್ಕಿಟ್ಟರೆ ಪೂರ್ತಿ ಬೆಲೆ ಕೊಡಬೇಕೋ ಬೇಡವೋ ಎಂಬುದು ನನಗೆ ಹರಟೆಯ ವಿಷಯವಲ್ಲ. ತಿಂಗಳ ಕೊನೆಯಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆ ಅದು.

ಅಂಗಡಿಗೆ ಬರುವ ಹುಡುಗರದ್ದೂ ಇದೇ ಪ್ರಶ್ನೆ. ಸಿಮೆಂಟ್ ಕಾರ್ಖಾನೆಯ ಕಾಲೊನಿ ಹುಡುಗರು, ಕಾಲೇಜಿನವರು, ಮಳಖೇಡದಿಂದ, ಚಿತ್ತಾಪುರದಿಂದ ಬಸ್ಸು ಹತ್ತಿ ಬರುವವರು, ಶಹಾಬಾದಿನಲ್ಲಿ ಕಲ್ಲಿನ ಕೆಲಸ ಮಾಡಿ ವಾರದ ರಜೆಗೆ ಬರುವ ಒಬ್ಬಿಬ್ಬರು. ಅವರಲ್ಲಿ ಸ್ವಂತ ಮಷೀನು ಇರುವವರು ಕಡಿಮೆ, ಇದ್ದವರಿಗೂ ವರ್ಷಕ್ಕೆ ಒಂದೋ ಎರಡೋ ಗೇಮ್ ಕೊಳ್ಳುವ ತಾಕತ್ತು. ಆ ಒಂದನ್ನು ಆರಿಸುವ ಮುಂಚೆ ನನ್ನನ್ನು ಕೇಳುತ್ತಾರೆ. "ಅಣ್ಣಾ, ಇದು ಹಳೀದೇ ಅದ ಅಲ್ರಿ? ಮತ್ಯಾಕ ಹೊಸಾದರ ರೇಟ್ ಹಚ್ಯಾರ?" ಈ ಕೇಳಿಕೆಗೆ ನಾನು ಹಲವು ವರ್ಷಗಳಲ್ಲಿ ಕೊಟ್ಟ ಉತ್ತರ ಬದಲಾಗುತ್ತ ಬಂದಿದೆ. ಅದು ಯಾಕೆ ಬದಲಾಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿತು.

ನಾನು ಕುರಕುಂಟಾದವನು. ಸಿಸಿಐ ಸಿಮೆಂಟ್ ಕಾರ್ಖಾನೆ ತೊಂಬತ್ತರ ದಶಕದ ಕೊನೆಗೆ ನಿಂತಮೇಲೆ ಊರಿನ ಹುಡುಗರ ಸಂಜೆಗಳು ಸೇಡಂ ಕಡೆ ಹೊರಳಿದವು. ಆಗ ಅಲ್ಲಿ ನೆಟ್ ಸೆಂಟರ್‌ಗಳು ಬಂದಿದ್ದವು. ಹೆಸರಿಗೆ ಇಂಟರ್‌ನೆಟ್, ಒಳಗೆ ನಡೆಯುತ್ತಿದ್ದುದು ವೈಸ್ ಸಿಟಿ. 2002ರಲ್ಲಿ ಪ್ಲೇಸ್ಟೇಷನ್ 2ಕ್ಕೆ, 2003ರಲ್ಲಿ ಕಂಪ್ಯೂಟರಿಗೆ ಬಂದ ಆ ಗೇಮ್ ನಮ್ಮ ಕಡೆಗೆ ತಲುಪಿದ್ದು ಮಾರ್ಕರ್‌ನಿಂದ ಹೆಸರು ಬರೆದ ನಕಲು ಸಿಡಿಯಾಗಿ. ಅದರ ಬೆನ್ನಿಗೆ ಸ್ಯಾನ್ ಆಂಡ್ರಿಯಾಸ್, ಪ್ರಿನ್ಸ್ ಆಫ್ ಪರ್ಷಿಯಾ, ಏಜ್ ಆಫ್ ಎಂಪೈರ್ಸ್ 2. ಅಸಲಿ ಡಬ್ಬಿ ಎಂದರೆ ಹೇಗಿರುತ್ತದೆ ಎಂದು ನಾನು ಮೊದಲು ನೋಡಿದ್ದು ಸಿಕಂದರಾಬಾದಿನಲ್ಲಿ. ಕುರಕುಂಟಾ ಸ್ಟೇಷನ್ ಇರುವುದು ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ವಾಡಿ–ಸಿಕಂದರಾಬಾದ್ ಲೈನಿನ ಮೇಲೆ. ತಾಂಡೂರು ಬರುವಷ್ಟರಲ್ಲಿ ತೆಲಂಗಾಣ. ಬೆಂಗಳೂರಿಗಿಂತ ನಮಗೆ ಸಿಕಂದರಾಬಾದೇ ಹತ್ತಿರ. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ನಮ್ಮ ಪಾಲಿನ ಕಂಪ್ಯೂಟರ್ ಸಂತೆ. ಅಂಗಡಿ ಇಟ್ಟಾಗ ನನ್ನ ಮೊದಲ ಮಷೀನುಗಳು, ಸೆಕೆಂಡ್ ಹ್ಯಾಂಡ್ ಡಿಸ್ಕುಗಳು ಎಲ್ಲ ಅಲ್ಲಿಂದಲೇ ರೈಲಿನಲ್ಲಿ ಬಂದವು.

ಈ ಹಿನ್ನೆಲೆಯನ್ನು ಹೇಳಲೇಬೇಕು. ಯಾಕೆಂದರೆ "ಒಮ್ಮೆ ರೊಕ್ಕ ಕೊಟ್ಟಿದ್ದೇವೆ, ಮತ್ತೆ ಯಾಕೆ ಕೊಡಬೇಕು" ಎಂದು ಅಮೆರಿಕದ ಆಟಗಾರ ಕೇಳುವ ಪ್ರಶ್ನೆಯನ್ನು ನಮ್ಮ ಕಡೆಯ ಬಹಳ ಜನ ಹಾಗೇ ಕೇಳುವಂತಿಲ್ಲ. ವೈಸ್ ಸಿಟಿಯ ಬೀದಿ ಬೀದಿ ಬಾಯಿಪಾಠ ಇರುವ ನಮ್ಮವರು ಅದನ್ನು ಮಾಡಿದವರಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಕೊಡಲು ಸುಲಭದ ದಾರಿಯೂ ಇರಲಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ಭಾರತದವರಿಗೆ ರೂಪಾಯಿಯಲ್ಲಿ ಬೆಲೆ ತೋರಿಸಲು ಶುರುಮಾಡಿದ್ದೇ 2015ರ ಕೊನೆಗೆ. ಅಲ್ಲಿಯವರೆಗೆ ಡಾಲರ್, ಅಂತಾರಾಷ್ಟ್ರೀಯ ಕಾರ್ಡು, ಇವೆಲ್ಲ ಸೇಡಂ ಹುಡುಗನಿಗೆ ಎಲ್ಲಿಂದ ಬರಬೇಕು? ಹಾಗಾಗಿ ಹಳೆಯ ಗೇಮಿನ ಮರುಬಿಡುಗಡೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಬಿಡುಗಡೆಯೇ. ಇದನ್ನು ಒಪ್ಪಿಕೊಂಡ ಮೇಲೆ ಬೆಲೆಯ ಮಾತು ಆಡುವುದು ನ್ಯಾಯ.

ಮರುಬಿಡುಗಡೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಒಳಗಿನ ಗೇಮ್ ಅದೇ. ಚಿತ್ರವನ್ನು ಚೊಕ್ಕ ಮಾಡಿ, ಹೊಸ ಟಿವಿಗೆ ಹೊಂದುವಂತೆ ದೊಡ್ಡದು ಮಾಡಿ, ಓಟವನ್ನು ನುಣ್ಣಗೆ ಮಾಡಿ ಬಿಡುತ್ತಾರೆ. ಅದಕ್ಕೆ ರಿಮಾಸ್ಟರ್ ಅನ್ನುತ್ತಾರೆ. ಇನ್ನೊಂದರಲ್ಲಿ ಕಥೆ, ಪಾತ್ರ ಅವೇ ಇಟ್ಟುಕೊಂಡು ಗೇಮನ್ನು ತಳದಿಂದ ಮತ್ತೆ ಕಟ್ಟುತ್ತಾರೆ. ಅದು ರಿಮೇಕ್. ಎರಡಕ್ಕೂ ಡಬ್ಬಿಯ ಮೇಲೆ ಹೊಳೆಯುವ ಹೆಸರು ಇರುತ್ತದೆ, ಎರಡಕ್ಕೂ ಒಮ್ಮೊಮ್ಮೆ ಒಂದೇ ಬೆಲೆ ಇರುತ್ತದೆ. ಒಳಗೆ ಎಷ್ಟು ಕೆಲಸ ಆಗಿದೆ ಎಂಬುದು ಡಬ್ಬಿ ನೋಡಿದರೆ ತಿಳಿಯುವುದಿಲ್ಲ.

ಪೂರ್ತಿ ಬೆಲೆಗೆ ಯೋಗ್ಯವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ರೆಸಿಡೆಂಟ್ ಈವಿಲ್ 4 ಆಡಲು ಕೊಡುತ್ತೇನೆ. ಮೂಲ ಬಂದದ್ದು 2005ರಲ್ಲಿ. ಆಗ ಗುರಿ ಹಿಡಿದರೆ ಕಾಲು ನಿಲ್ಲುತ್ತಿತ್ತು. ನಡೆಯುತ್ತ ಗುಂಡು ಹಾರಿಸಲು ಬರುತ್ತಿರಲಿಲ್ಲ. 2023ರ ಮಾರ್ಚಿನಲ್ಲಿ ಬಂದ ರಿಮೇಕಿನಲ್ಲಿ ನಡೆಯುತ್ತಲೇ ಗುರಿ ಹಿಡಿಯಬಹುದು, ಎದುರಾಳಿಯ ಏಟನ್ನು ಚಾಕುವಿನಿಂದ ತಡೆಯಬಹುದು, ಆ ಚಾಕು ಸವೆದು ಮುರಿಯುತ್ತದೆ, ಹಾಗಾಗಿ ಅದನ್ನು ಯಾವಾಗ ಬಳಸಬೇಕು ಎಂದು ಯೋಚಿಸಬೇಕು. ಹಳ್ಳಿ ಅದೇ, ಚರ್ಚಿನ ಗಂಟೆ ಅದೇ, ಆದರೆ ಕೈಗೆ ಸಿಗುವ ಆಟ ಬೇರೆಯೇ. ನನ್ನ ಅಂಗಡಿಯ ಮೂಲೆಯಲ್ಲಿ ಕಥೆಯ ಗೇಮ್‌ಗಳಿಗೆಂದೇ ಒಂದು ಟಿವಿ ಇದೆ. ಅಲ್ಲಿ ಪ್ರತಿಯೊಬ್ಬನ ಹೆಸರಿನಲ್ಲಿ ಬೇರೆ ಬೇರೆ ಸೇವ್ ಇಟ್ಟಿರುತ್ತೇನೆ, ಮುಂದಿನ ವಾರ ಬಂದು ಅಲ್ಲಿಂದಲೇ ಮುಂದುವರಿಸುತ್ತಾರೆ. ಫುಟ್‌ಬಾಲ್ ಗೇಮಿನಷ್ಟು ಗಳಿಕೆ ಆ ಟಿವಿಗೆ ಎಂದೂ ಇಲ್ಲ. ಆದರೆ ಹಳೆಯ ರೆಸಿಡೆಂಟ್ ಈವಿಲ್ 4 ಮುಗಿಸಿದ್ದವರೂ ಈ ಹೊಸದಕ್ಕೆ ಮತ್ತೆ ಕೂತರು, ಮುಗಿಯುವ ತನಕ ಕೂತರು. ಅವರು ಹಳೆಯ ನೆನಪಿಗಾಗಿ ಬಂದಿದ್ದರೆ ಎರಡು ತಾಸಿಗೆ ಎದ್ದುಹೋಗುತ್ತಿದ್ದರು. ಅದರ ಬೆಲೆ ಅದು ದುಡಿದುಕೊಂಡಿತು.

ದ ಲಾಸ್ಟ್ ಆಫ್ ಅಸ್‌ನದ್ದು ತೊಡಕಿನ ಸಂಗತಿ. 2013ರ ಜೂನ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂತು. ಮುಂದಿನ ವರ್ಷವೇ ಪ್ಲೇಸ್ಟೇಷನ್ 4ಕ್ಕೆ ರಿಮಾಸ್ಟರ್. 2022ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ "ಪಾರ್ಟ್ 1" ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿದ್ದು, ಅಮೆರಿಕದಲ್ಲಿ 70 ಡಾಲರ್, ನಮ್ಮಲ್ಲಿ 4,999 ರೂಪಾಯಿ. ಹತ್ತು ವರ್ಷದೊಳಗೆ ಒಂದೇ ಕಥೆ ಮೂರು ಸಲ ಮಾರಾಟಕ್ಕೆ. ಮುಖಗಳನ್ನು ಹೊಸದಾಗಿ ಮಾಡಿದ್ದರು, ಕಣ್ಣಿನಲ್ಲಿ ನೀರು ತುಂಬುವುದು ಕಾಣುತ್ತಿತ್ತು. ಆದರೆ ಹೊಡೆದಾಟದ ರೀತಿ ಬಹುಪಾಲು ಹಳೆಯದೇ. ಹಿಂದಿನದರಲ್ಲಿದ್ದ, ಹಲವರು ಸೇರಿ ಆನ್‌ಲೈನ್‌ನಲ್ಲಿ ಆಡುವ ಭಾಗವನ್ನು ಇದರಲ್ಲಿ ಕೊಡಲೇ ಇಲ್ಲ. ರಿಮಾಸ್ಟರ್ ಡಿಸ್ಕ್ ಮನೆಯಲ್ಲಿದ್ದವನಿಗೆ ರಿಯಾಯಿತಿಯೂ ಇರಲಿಲ್ಲ. ಇದನ್ನು ತರಬಾರದು ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

ಆಮೇಲೆ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿ ತಂದೆ. ಚಿತ್ತಾಪುರ ಕಡೆಯ ಹುಡುಗನೊಬ್ಬ ಅಣ್ಣನ ಜೊತೆ ಬರುತ್ತಿದ್ದ. ಅವನಿಗೆ ಕಿವಿ ಕೇಳಿಸುವುದು ಬಹಳ ಕಡಿಮೆ. ಅಣ್ಣ ಫುಟ್‌ಬಾಲ್ ಆಡುವಾಗ ಪಕ್ಕದಲ್ಲಿ ಕೂತಿರುತ್ತಿದ್ದ. ಈ ಪಾರ್ಟ್ 1ರಲ್ಲಿ ಪಾತ್ರಗಳು ಮಾತಾಡುವಾಗ ಆ ಮಾತಿನ ಏರಿಳಿತವನ್ನು ಕಂಟ್ರೋಲರಿನ ಕಂಪನವಾಗಿ ಕೈಗೆ ಮುಟ್ಟಿಸುವ ವ್ಯವಸ್ಥೆ ಇದೆ. ಕಣ್ಣು ಕಾಣದವರಿಗಾಗಿ ದೃಶ್ಯದಲ್ಲಿ ಏನು ನಡೆಯುತ್ತಿದೆ ಎಂದು ದನಿಯಲ್ಲಿ ವಿವರಿಸುವ ವ್ಯವಸ್ಥೆಯೂ ಇದೆ. ಆ ಹುಡುಗ ಕಂಟ್ರೋಲರ್ ಎರಡೂ ಕೈಯಲ್ಲಿ ಹಿಡಿದು, ಕೆಳಗಿನ ಅಕ್ಷರ ಓದುತ್ತ, ಸಿಟ್ಟಿನ ಮಾತು ಬಂದಾಗ ಕೈ ನೋಡಿಕೊಂಡ. ಅಣ್ಣನಿಗೆ ಕೈಸನ್ನೆಯಲ್ಲಿ ಏನೋ ಹೇಳಿದ. ಆ ಅಣ್ಣ ನನ್ನ ಕಡೆ ತಿರುಗಿ, "ಅವರು ಜೋರು ಒದರಿದ್ದು ಇವಂಗ ತಿಳೀತಂತ್ರಿ" ಅಂದ. 2013ರ ಗೇಮಿನಲ್ಲಿ ಇದು ಇರಲಿಲ್ಲ. ಅವನಿಗೆ ಇದು ಹಳೆಯ ಗೇಮಿನ ಹೊಸ ಬಣ್ಣವಲ್ಲ, ಬಾಗಿಲು ಮೊದಲ ಸಲ ತೆಗೆದದ್ದು. ಕೆಲಸ ಆಗಿದೆಯೋ ಇಲ್ಲವೋ ಎಂದು ಚಿತ್ರದ ಚೊಕ್ಕತನ ಒಂದನ್ನೇ ನೋಡಿ ನಿರ್ಧರಿಸುವುದನ್ನು ನಾನು ಆ ದಿನದಿಂದ ಬಿಟ್ಟೆ.

ಹಾಗಾದರೆ ಪಾರ್ಟ್ 1ರ ಪೂರ್ತಿ ಬೆಲೆ ಸರಿಯೇ? ಮೊದಲ ಸಲ ಆಡುವವನಿಗೆ ಸರಿ. ಹಳೆಯದನ್ನು ಕೊಂಡವನಿಗೆ ಸರಿಯಲ್ಲ. ಇಲ್ಲಿಗೆ ಬಂದಾಗ ನನಗೆ ನಮ್ಮ ಕಡೆಯ ಫರಸಿ ನೆನಪಾಗುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಎಲ್ಲಿ ನೋಡಿದರೂ ಮನೆಯ ನೆಲಕ್ಕೆ ಅದೇ ಕಲ್ಲು. ಹತ್ತಾರು ವರ್ಷ ನಡೆದಾಡಿ ಮಾಸಿದ ಮೇಲೆ ಪಾಲಿಶ್ ಮಷೀನಿನವನನ್ನು ಕರೆಸುತ್ತೇವೆ. ಅವನು ಚದರಡಿಯ ಲೆಕ್ಕದಲ್ಲಿ ಕೂಲಿ ಹೇಳುತ್ತಾನೆ, ನಾವು ಕೊಡುತ್ತೇವೆ, ಮುಖ ಕಾಣುವ ಹಾಗೆ ನೆಲ ಹೊಳೆಯುತ್ತದೆ. ಆ ಹೊಳಪಿಗೆ ಬೆಲೆ ಇದೆ, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಪಾಲಿಶ್‌ನವನು ಕಲ್ಲಿನ ಬೆಲೆಯನ್ನೂ ಸೇರಿಸಿ ಕೇಳಿದರೆ ಮನೆಯವರು ಏನನ್ನಬೇಕು? ಕಲ್ಲು ಹಾಸಿದ್ದು ನಮ್ಮ ಅಪ್ಪ. ಹಳೆಯ ನೆಲ ಕಿತ್ತು ಹೊಸ ಕಲ್ಲು ಹಾಸಿದರೆ ಮಾತು ಬೇರೆ, ಅದು ರೆಸಿಡೆಂಟ್ ಈವಿಲ್ 4. ಹೊಸ ಮನೆ ಕಟ್ಟುವವನಿಗೆ ಪಾಲಿಶ್ ಆದ ಕಲ್ಲನ್ನೇ ಮಾರಿದರೂ ಮಾತು ಬೇರೆ, ಅವನು ಮೊದಲ ಸಲ ಕೊಳ್ಳುತ್ತಿದ್ದಾನೆ. ಈ ಮೂವರಿಗೂ ಒಂದೇ ಬೆಲೆ ಕಟ್ಟುವುದರಲ್ಲೇ ಅನ್ಯಾಯ ಇರುವುದು.

ಹಳೆಯದನ್ನು ಕೊಂಡವರಿಗೆ ಬೇರೆ ಬೆಲೆ ಕಟ್ಟುವುದು ಆಗದ ಕೆಲಸವೇನಲ್ಲ. ಮಾಡಿ ತೋರಿಸಿದವರಿದ್ದಾರೆ. ಸ್ಕೈರಿಮ್‌ನ ಸ್ಪೆಷಲ್ ಎಡಿಷನ್ 2016ರ ಅಕ್ಟೋಬರ್‌ನಲ್ಲಿ ಬಂದಾಗ, ಕಂಪ್ಯೂಟರಿನಲ್ಲಿ ಮೂಲ ಗೇಮನ್ನು ಅದರ ಹೆಚ್ಚುವರಿ ಭಾಗಗಳ ಸಮೇತ ಕೊಂಡಿದ್ದವರಿಗೆ ಪುಕ್ಕಟೆ ಕೊಟ್ಟರು. ಜಿಟಿಎ 5ರ ವರ್ಧಿತ ಆವೃತ್ತಿ 2025ರ ಮಾರ್ಚಿನಲ್ಲಿ ಕಂಪ್ಯೂಟರಿಗೆ ಬಂದಾಗಲೂ ಮೊದಲೇ ಕೊಂಡಿದ್ದವರು ಏನೂ ಕೊಡಬೇಕಾಗಿರಲಿಲ್ಲ. 2013ರಲ್ಲಿ ಬಂದ ಅದೇ ಗೇಮನ್ನು ಮಷೀನಿನಿಂದ ಮಷೀನಿಗೆ ಮತ್ತೆ ಮತ್ತೆ ಮಾರಿದ ಕಂಪನಿಯೇ ಇದನ್ನೂ ಮಾಡಿತು ಎಂಬುದು ಗಮನಿಸಬೇಕಾದ ಮಾತು.

ನನಗೆ ಎಲ್ಲಕ್ಕಿಂತ ಪ್ರೀತಿ ಏಜ್ ಆಫ್ ಎಂಪೈರ್ಸ್ 2ರ ಮೇಲೆ. 1999ರ ಗೇಮ್. 2013ರಲ್ಲಿ ಒಮ್ಮೆ ಚಿತ್ರ ತಿದ್ದಿ ಬಿಟ್ಟರು. 2019ರ ನವೆಂಬರ್‌ನಲ್ಲಿ ಡೆಫಿನಿಟಿವ್ ಎಡಿಷನ್ ಬಂತು. ಬೆಲೆ 20 ಡಾಲರ್, ಹೊಸ ಗೇಮಿನ ಬೆಲೆಯ ಮೂರನೇ ಒಂದು ಭಾಗ. 2013ರದ್ದನ್ನು ಕೊಂಡವರಿಗೆ ಅದರಲ್ಲೂ ರಿಯಾಯಿತಿ. ಚಿತ್ರವೆಲ್ಲ ಹೊಸದು, ಕಂಪ್ಯೂಟರ್ ಎದುರಾಳಿಯ ಬುದ್ಧಿ ಹೊಸದು, ಆಮೇಲೂ ವರ್ಷವರ್ಷ ತಿದ್ದುತ್ತ, ಸೇರಿಸುತ್ತ ಹೋದರು. 2022ರಲ್ಲಿ ಭಾರತದ ರಾಜವಂಶಗಳ ಬಗ್ಗೆ ಒಂದು ಹೊಸ ಭಾಗ ಕೊಟ್ಟರು. ಅದರಲ್ಲಿ ಚೋಳರ ರಾಜೇಂದ್ರನ ಕಥೆ ಇದೆ, ಪಾಲರ ದೇವಪಾಲನ ಕಥೆ ಇದೆ. ದೇವಪಾಲ ನಮ್ಮ ಮಳಖೇಡದಲ್ಲಿ ಕೂತು ಆಳಿದ ಅಮೋಘವರ್ಷನ ಸಮಕಾಲೀನ. ಸೇಡಂನಿಂದ ವಾಡಿ ಕಡೆಗೆ ಹೊರಟರೆ ಮುಂದಿನ ಸ್ಟೇಷನ್ನೇ ಮಳಖೇಡ ರೋಡ್. ಕೋಟೆಯ ಹತ್ತಿರದ ಹುಡುಗರು ಈ ಗೇಮನ್ನು ಆಡುವಾಗ ನಾನು ಈ ಮಾತು ಹೇಳಿಯೇ ಹೇಳುತ್ತೇನೆ. ರಾಷ್ಟ್ರಕೂಟರಿಗೂ ಒಂದು ಅಧ್ಯಾಯ ಬಂದರೆ ಅದಕ್ಕೆ ರೊಕ್ಕ ಕೊಡುವವರಲ್ಲಿ ನಾನು ಮೊದಲಿಗ. ಇಪ್ಪತ್ತು ವರ್ಷ ಹಳೆಯ ಗೇಮನ್ನು ಹೀಗೆ ನಡೆಸಿಕೊಂಡು ಬಂದವರ ಹತ್ತಿರ ಬೆಲೆಯ ಜಗಳ ಯಾರೂ ಮಾಡುವುದಿಲ್ಲ.

ಜಗಳ ಎದ್ದದ್ದು 2021ರ ನವೆಂಬರ್‌ನಲ್ಲಿ. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಸೇರಿಸಿದ ಡೆಫಿನಿಟಿವ್ ಎಡಿಷನ್, ಬೆಲೆ 60 ಡಾಲರ್. ನಮ್ಮ ನೆಟ್ ಸೆಂಟರ್ ತಲೆಮಾರಿನವರೆಲ್ಲ, ಈಗ ಹೈದರಾಬಾದಿನಲ್ಲಿ ಪುಣೆಯಲ್ಲಿ ನೌಕರಿಯಲ್ಲಿರುವವರೂ, ಇದಕ್ಕಾಗಿ ಕಾದಿದ್ದರು. ಈ ಸಲ ಅಸಲಿಯನ್ನೇ ಕೊಳ್ಳುತ್ತೇವೆ ಎಂದು ಹೆಮ್ಮೆಯಿಂದ ಹೇಳಿದವರನ್ನು ನಾನು ಬಲ್ಲೆ. ಬಂದ ಗೇಮಿನಲ್ಲಿ ಮಳೆ ಸುರಿದರೆ ದಾರಿ ಕಾಣುತ್ತಿರಲಿಲ್ಲ. ಪಾತ್ರಗಳ ಮುಖ, ಕೈ ವಿಕಾರವಾಗಿದ್ದವು. ಹಳೆಯ ಚಿತ್ರಗಳನ್ನು ಯಂತ್ರಕ್ಕೆ ಕೊಟ್ಟು ಹಿಗ್ಗಿಸಿದ್ದರಿಂದ ಅಂಗಡಿಗಳ ಬೋರ್ಡಿನ ಅಕ್ಷರಗಳೂ ತಪ್ಪಾಗಿದ್ದವು. ಹಕ್ಕಿನ ಗಡುವು ಮುಗಿದ ಕಾರಣಕ್ಕೆ ಕಾರಿನ ರೇಡಿಯೊದಲ್ಲಿ ಬರುತ್ತಿದ್ದ ಕೆಲವು ಹಾಡುಗಳು ಇರಲಿಲ್ಲ. ವೈಸ್ ಸಿಟಿಯಲ್ಲಿ ರೇಡಿಯೊ ಎಂದರೆ ಅರ್ಧ ಗೇಮ್. ಕಂಪನಿ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು, ಆಮೇಲೆ ತಿದ್ದುತ್ತ ಹೋಯಿತು. ಹಳೆಯ ಬೆಳಕಿನ ಬಣ್ಣವನ್ನು ಮರಳಿ ತಂದ ದೊಡ್ಡ ತಿದ್ದುಪಡಿ ಬಂದದ್ದು ಮೂರು ವರ್ಷದ ಮೇಲೆ, 2024ರ ನವೆಂಬರ್‌ನಲ್ಲಿ.

ಕೆಟ್ಟ ಕೆಲಸಕ್ಕೆ ಪೂರ್ತಿ ಬೆಲೆ ಕೇಳಿದ್ದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸಿದ್ದು ಇನ್ನೊಂದು. ಹೊಸದು ಬರುವ ತಿಂಗಳು ಮೊದಲೇ ಹಳೆಯ ಮೂರೂ ಗೇಮ್‌ಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದುಹಾಕಿದ್ದರು. ಕೂಗು ಎದ್ದ ಮೇಲೆ ಕಂಪ್ಯೂಟರಿನವರಿಗೆ ಮತ್ತೆ ಸಿಗುವಂತೆ ಮಾಡಿದರು. ಕಡಿಮೆ ಬೆಲೆಗೆ ಸಿಗುತ್ತಿದ್ದ ಸರಕನ್ನು ಮುಚ್ಚಿಟ್ಟು, ಹೆಚ್ಚು ಬೆಲೆಯದನ್ನು ಮಾತ್ರ ಎದುರಿಗೆ ಇಡುವ ವ್ಯಾಪಾರವನ್ನು ಸೇಡಂ ಬಜಾರಿನಲ್ಲಿ ಯಾರಾದರೂ ಮಾಡಿದರೆ ಗಿರಾಕಿ ಎರಡನೇ ಸಲ ಮೆಟ್ಟಿಲು ಹತ್ತುವುದಿಲ್ಲ. ನಿಂಟೆಂಡೊ ಕೂಡ ಮೂರು ಹಳೆಯ ಮಾರಿಯೊ ಗೇಮ್‌ಗಳ ಸಂಗ್ರಹವನ್ನು 60 ಡಾಲರಿಗೆ 2020ರ ಸೆಪ್ಟೆಂಬರ್‌ನಲ್ಲಿ ತಂದು, 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸಿತು. ಬೇಗ ಕೊಳ್ಳಿ, ಇಲ್ಲದಿದ್ದರೆ ಸಿಗುವುದಿಲ್ಲ ಎಂಬ ಒತ್ತಡ ಅದು. ಹಳೆಯದು ಪಕ್ಕದಲ್ಲೇ ಸಿಗುತ್ತಿರಬೇಕು, ಗಿರಾಕಿ ಎರಡನ್ನೂ ನೋಡಿ ಆರಿಸಬೇಕು. ಆಗ ಮಾತ್ರ ಹೊಸದರ ಬೆಲೆ ಹೊಸದರ ಯೋಗ್ಯತೆಗೆ ಸಿಕ್ಕಿತು ಎನ್ನಬಹುದು.

ಈ ವಿಷಯದಲ್ಲಿ ನಮ್ಮ ಸಿನಿಮಾದವರು ಹೆಚ್ಚು ನೇರವಾಗಿ ನಡೆದುಕೊಂಡಿದ್ದಾರೆ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು. ಗಡಿಯಾಚೆಯವರ 1957ರ 'ಮಾಯಾಬಜಾರ್' 2010ರಲ್ಲಿ, ನಮ್ಮ 1971ರ 'ಕಸ್ತೂರಿ ನಿವಾಸ' 2014ರಲ್ಲಿ. ಒಂದೊಂದು ಚೌಕಟ್ಟಿಗೂ ಬಣ್ಣ ತುಂಬಿದ ಕೆಲಸ. ಜನ ರೊಕ್ಕ ಕೊಟ್ಟು ನೋಡಿದರು. ಆದರೆ ಅದಕ್ಕಾಗಿ ಕಪ್ಪು-ಬಿಳುಪಿನ 'ಕಸ್ತೂರಿ ನಿವಾಸ'ವನ್ನು ಯಾರೂ ಬಚ್ಚಿಡಲಿಲ್ಲ, ಬಣ್ಣ ಬೇಡ ಎನ್ನುವವರು ಅದನ್ನೇ ನೋಡುತ್ತಾರೆ. ಇನ್ನೊಂದು ವ್ಯತ್ಯಾಸವೂ ಇದೆ. ಟಾಕೀಸಿನ ಟಿಕೆಟ್ಟು ಒಂದು ಸಲದ ನೋಟಕ್ಕೆ, ಮತ್ತೆ ನೋಡಬೇಕಾದರೆ ಮತ್ತೆ ಕೊಡುವುದು ರೂಢಿ. ಗೇಮ್ ಹಾಗಲ್ಲ, ಒಮ್ಮೆ ಕೊಂಡದ್ದು ಮನೆಯಲ್ಲಿ ಉಳಿಯುವ ವಸ್ತು. ಹಾಗಾಗಿ ಸಿನಿಮಾದಲ್ಲಿ ಏಳದ "ಮತ್ತೆ ಯಾಕೆ" ಎಂಬ ಪ್ರಶ್ನೆ ಗೇಮಿನಲ್ಲಿ ಏಳುವುದು ಸಹಜ.

ಈ ಮಾತುಗಳನ್ನೆಲ್ಲ ಅಂಗಡಿಯಲ್ಲಿ ಹೇಳುತ್ತಿದ್ದಾಗ, ಚಿಂಚೋಳಿ ಕಡೆಯ ಹುಡುಗ, ಸೇಡಂನಲ್ಲಿ ಓದಲು ಇದ್ದವನು, ಎಲ್ಲ ಕೇಳಿ, ತಾನು ಕೊಳ್ಳಬೇಕೆಂದಿದ್ದ ಮರುಬಿಡುಗಡೆಯೊಂದರ ಬಗ್ಗೆ ಒಂದೇ ಮಾತು ಹೇಳಿದ. "ಅಣ್ಣಾ, ನೀವು ಇದನ್ನ ಆಡೀರಿ, ಅದಕ್ಕ ಹಳೀದು ಅಂತೀರಿ. ಇದು ಬಂದಾಗ ನಾ ಅಂಗನವಾಡಿ ಒಳಗಿದ್ದೆ. ನನಗಂತೂ ಇದು ಹೊಸಾದೇ ನೋಡ್ರಿ." ಅವನ ಮಾತಿಗೆ ನನ್ನ ಹತ್ತಿರ ಎದುರು ಮಾತು ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಹತ್ತು ಹದಿನೈದು ವರ್ಷದ ಹಿಂದಿನ ಗೇಮನ್ನು ಇವತ್ತಿನ ಟಿವಿಯಲ್ಲಿ, ಇವತ್ತಿನ ಮಷೀನಿನಲ್ಲಿ ಅವನು ಸಲೀಸಾಗಿ ಆಡಬೇಕಾದರೆ ಯಾರಾದರೂ ಅದನ್ನು ಸಿದ್ಧಮಾಡಿ ಕೊಡಲೇಬೇಕು. ಪ್ಲೇಸ್ಟೇಷನ್ 3ರ ಡಿಸ್ಕ್ ಪ್ಲೇಸ್ಟೇಷನ್ 5ರಲ್ಲಿ ನಡೆಯುವುದಿಲ್ಲ. ಮರುಬಿಡುಗಡೆ ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಗೇಮ್‌ಗಳು ಕೆಟ್ಟುಹೋದ ಮಷೀನುಗಳ ಜೊತೆಗೇ ಹೋಗಿಬಿಡುತ್ತವೆ. ಮರುಬಿಡುಗಡೆಯೇ ಮೋಸ ಎನ್ನುವವರ ಜೊತೆ ಅಂದಿನಿಂದ ನಾನು ಸೇರುವುದಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: ನಿನಗೆ ಹೊಸದಾದರೂ ಆರು ತಿಂಗಳು ತಡೆ. ಮರುಬಿಡುಗಡೆಯ ಬೆಲೆ ಹೊಸ ಗೇಮಿನಷ್ಟು ಕಾಲ ನಿಲ್ಲುವುದು ಅಪರೂಪ. ಕಥೆ ಯಾರಿಗೂ ಗುಟ್ಟಲ್ಲ, ಹಾಗಾಗಿ ಮೊದಲ ದಿನವೇ ಆಡಬೇಕೆಂಬ ಅವಸರವೂ ಇಲ್ಲ. ಅವನು ತಡೆದ, ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡ, ಮುಗಿಸಿ ಇನ್ನೊಬ್ಬನಿಗೆ ಮಾರಿದ.

ಮಾರಿದ ಎಂಬುದು ಇಲ್ಲಿ ದೊಡ್ಡ ಮಾತು. ನಮ್ಮಂಥ ಊರಲ್ಲಿ ಡಿಸ್ಕ್ ಎಂದರೆ ಕೈಬದಲಾಗುವ ಸಂಪತ್ತು. ಒಂದು ಡಿಸ್ಕ್ ಸೇಡಂ, ಮಳಖೇಡ, ವಾಡಿ ಸುತ್ತಿ ಮತ್ತೆ ನನ್ನ ಅಂಗಡಿಗೇ ಬಂದದ್ದಿದೆ. ಮೂರು ಕೈ ದಾಟಿದಾಗ ಪ್ರತಿಯೊಬ್ಬನಿಗೂ ಬಿದ್ದ ಖರ್ಚು ಸಾವಿರದ ಆಸುಪಾಸು. ಡೌನ್‌ಲೋಡ್ ಮಾಡಿಕೊಂಡದ್ದಕ್ಕೆ ಈ ಯೋಗ ಇಲ್ಲ. ಒಮ್ಮೆ ಒಂದು ಮರುಬಿಡುಗಡೆಯ ಡಬ್ಬಿ ತಂದು ನೋಡಿದರೆ ಡಿಸ್ಕಿನಲ್ಲಿದ್ದದ್ದು ಗೇಮಿನ ಒಂದು ಭಾಗ ಮಾತ್ರ, ಉಳಿದದ್ದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕಿತ್ತು, ಹತ್ತಾರು ಜಿಬಿ. ಸಂಜೆ ಹಚ್ಚಿಟ್ಟರೆ ಕರೆಂಟು ಹೋಗುವುದು, ಬಂದರೆ ನೆಟ್ ಇಲ್ಲದಿರುವುದು. ಗಿರಾಕಿ ಬಂದು ಕೇಳಿ ವಾಪಸ್ ಹೋದರು. ಆಮೇಲೆ ನಾನು ಡಬ್ಬಿ ಕೈಗೆತ್ತಿಕೊಂಡರೆ ಮೊದಲು ನೋಡುವುದು ಮುಂದಿನ ಚಿತ್ರವನ್ನಲ್ಲ. ಹಿಂದುಗಡೆ ಸಣ್ಣ ಅಕ್ಷರದಲ್ಲಿ "ಡೌನ್‌ಲೋಡ್ ಅಗತ್ಯ" ಎಂಬರ್ಥದ ಸಾಲು ಇದೆಯೇ ಎಂದು ನೋಡುತ್ತೇನೆ. ಹಳೆಯ ಗೇಮಿಗೆ ಪೂರ್ತಿ ಬೆಲೆ ಕೇಳುವವರು ಕನಿಷ್ಠ ಪೂರ್ತಿ ಗೇಮನ್ನು ಡಿಸ್ಕಿನಲ್ಲಿ ಕೊಡಬೇಕು.

ಕೂಲಿಯ ಮಾತು ಬಂದಾಗ ಒಂದನ್ನು ಮರೆಯಬಾರದು. ಈ ಹೊಳಪಿನ ಕೆಲಸ ಮಾಡುವವರಲ್ಲಿ ನಮ್ಮವರೇ ಬಹಳ ಜನ ಇದ್ದಾರೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ವಿದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಗಿಡಮರ ರೂಪಿಸಿಕೊಡುತ್ತ ಬೆಳೆಯಿತು. 2019ರಲ್ಲಿ ಅದನ್ನು ಜಿಟಿಎಯ ಕಂಪನಿಯಾದ ರಾಕ್‌ಸ್ಟಾರ್ ಕೊಂಡಿತು. 2003ರ ಪ್ರಿನ್ಸ್ ಆಫ್ ಪರ್ಷಿಯಾದ ರಿಮೇಕನ್ನು 2020ರಲ್ಲಿ ಘೋಷಿಸಿದಾಗ ಅದನ್ನು ಮಾಡುತ್ತಿದ್ದವರು ಪುಣೆ ಮತ್ತು ಮುಂಬೈಯ ಯೂಬಿಸಾಫ್ಟ್‌ನವರು. ಬೆಲೆ 40 ಡಾಲರ್ ಎಂದು ಹೇಳಿದ್ದರು. ತೋರಿಸಿದ ಚಿತ್ರ ಜನಕ್ಕೆ ಹಿಡಿಸಲಿಲ್ಲ, ಮುಂದೂಡುತ್ತ ಹೋಗಿ 2022ರಲ್ಲಿ ಆ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ನನಗೆ ಆ ಸುದ್ದಿ ಓದಿ ನಿಜವಾಗಿ ಬೇಸರವಾಯಿತು. ಹಳೆಯ ಗೇಮನ್ನು ಹೊಸದು ಮಾಡುವುದು ಸುಲಭ, ಗುಂಡಿ ಒತ್ತಿದರೆ ಆಗುತ್ತದೆ ಎಂದು ಹುಡುಗರು ಹೇಳಿದಾಗ ನಾನು ಈ ಕಥೆಯನ್ನು ಹೇಳುತ್ತೇನೆ. ಒಂದೊಂದು ಗೋಡೆ, ಒಂದೊಂದು ಮುಖವನ್ನು ಯಾರೋ ಕೂತು ಮಾಡಬೇಕು. ಆ ಕೆಲಸ ಚೆನ್ನಾಗಿ ಆದರೆ ಅದರ ಕೂಲಿಯನ್ನು ಗೊಣಗದೆ ಕೊಡಬೇಕು.

ಹಾಗೆ ಕೊಡುವ ದಾರಿಯನ್ನು ಲಾಸ್ಟ್ ಆಫ್ ಅಸ್‌ನವರೇ ಮುಂದೆ ತೋರಿಸಿದರು. 2020ರ ಎರಡನೇ ಭಾಗ 2024ರ ಜನವರಿಯಲ್ಲಿ ರಿಮಾಸ್ಟರ್ ಆಗಿ ಬಂದಾಗ ಹೊಸಬರಿಗೆ 50 ಡಾಲರ್, ಮೊದಲೇ ಕೊಂಡವರಿಗೆ ಬರೀ 10 ಡಾಲರ್. ಹೊಸದಾಗಿ ಸೇರಿಸಿದ ಆಟದ ಬಗೆಯೂ ಅದರಲ್ಲಿತ್ತು. ಹಳೆಯ ಪ್ಲೇಸ್ಟೇಷನ್ 4 ಡಿಸ್ಕ್ ಇದ್ದವರೂ ಅದನ್ನು ಹೊಸ ಮಷೀನಿಗೆ ಹಾಕಿ ಅದೇ 10 ಡಾಲರಿನ ದರ ಪಡೆಯಬಹುದಿತ್ತು, ಡಿಸ್ಕೇ ರಸೀದಿ. ಅದನ್ನು ಅಂಗಡಿಯಲ್ಲಿ ಮಾಡಿ ತೋರಿಸಿದಾಗ, ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದಿದ್ದ ಹುಡುಗನೊಬ್ಬ ನಂಬದೆ ಎರಡು ಸಲ ಕೇಳಿದ: "ಇಷ್ಟೇ ಸಾಕೇನ್ರಿ ಅಣ್ಣಾ?" ಆದರೆ ಡಿಸ್ಕ್ ಹಾಕುವ ಕಿಂಡಿಯೇ ಇಲ್ಲದ ಡಿಜಿಟಲ್ ಮಷೀನು ಕೊಂಡವರಿಗೆ ಕೈಯಲ್ಲಿ ಅದೇ ಡಿಸ್ಕ್ ಇದ್ದರೂ ಈ ದಾರಿ ಮುಚ್ಚಿದಂತೆ. ರೊಕ್ಕ ಉಳಿಯುತ್ತದೆ ಎಂದು ಅದನ್ನೇ ತೆಗೆದುಕೊಂಡವರು ನಮ್ಮಲ್ಲಿ ಇದ್ದಾರೆ. ಅದಕ್ಕೇ ಯಾರಾದರೂ ಮಷೀನು ಕೊಳ್ಳಲು ಹೈದರಾಬಾದಿಗೋ ಕಲಬುರಗಿಗೋ ಹೊರಡುವ ಮುಂಚೆ ನನ್ನ ಹತ್ತಿರ ಬಂದರೆ, ರೊಕ್ಕ ಸ್ವಲ್ಪ ಹೆಚ್ಚಾದರೂ ಡಿಸ್ಕ್ ಡ್ರೈವ್ ಇರುವುದನ್ನೇ ತಗೊಂಡು ಬಾ, ಅಣ್ಣ-ತಮ್ಮ ಯಾರ ಹತ್ತಿರವಾದರೂ ಹಳೆಯ ಡಿಸ್ಕುಗಳಿದ್ದರೆ ಒಂದನ್ನೂ ಗುಜರಿಗೆ ಹಾಕಬೇಡಿ ಎಂದು ಹೇಳಿ ಕಳಿಸುತ್ತೇನೆ.